ಬಾನೆಟ್ ಮೇಲಿನ ಎರಡು ಹೆಸರು

ಕಳೆದ ಚಳಿಗಾಲ ಪೂರ್ತಿ ನಾನು ಇನ್ನೊಬ್ಬರ ಮದುವೆಯನ್ನು ಕಾರಿನ ಮೇಲೆ ಹೊತ್ತುಕೊಂಡು ತಿರುಗಿದೆ. ಬಾನೆಟ್ ಮೇಲೆ ಎರಡು ಹೆಸರು, ಅಚ್ಚ ಕನ್ನಡದಲ್ಲಿ, ಒಂದೊಂದು ಅಕ್ಷರವೂ ಅಂಗೈಯಗಲ. ಎಡಕ್ಕೆ ನನ್ನ ಗೆಳತಿಯದು, ನಾಲ್ಕಕ್ಷರ. ಬಲಕ್ಕೆ ಅವಳ ಗಂಡನದು, ಮೂರಕ್ಷರ. ಚಿನ್ನದ ಬಣ್ಣದ ರಟ್ಟಿನಲ್ಲಿ ಕತ್ತರಿಸಿ ಅಂಟಿಸಿದ್ದ ಅಕ್ಷರಗಳು ಮಳೆಗೆ ನೆನೆದು ಒಂದೊಂದಾಗಿ ಕಿತ್ತುಹೋದವು. ಅಂಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆ ಅಂಟಿಗೆ ರಸ್ತೆಯ ಧೂಳು, ಎಲೆಯ ಪುಡಿ, ಹೊಗೆಯ ಮಸಿ ಎಲ್ಲ ಮೆತ್ತಿಕೊಂಡು ಚಿನ್ನದ ಹೆಸರುಗಳು ಕರ್ರಗಿನ ಹೆಸರುಗಳಾದವು. ನಮ್ಮದು ತಿಳಿನೀಲಿ ಬಣ್ಣದ ಹಳೆಯ ಪುಟ್ಟ ಕಾರು. ದೂರದಿಂದಲೇ ಓದಬಹುದಿತ್ತು.

ನಮ್ಮದು ಎಂದೆ. ಅಭ್ಯಾಸಬಲ. ನಾನೂ ಅವಳೂ ಡಚ್ಚರ ನಾಡಿಗೆ ಬಂದು ಡೀಮೆನ್‌ನ ಒಂದೇ ಫ್ಲಾಟಿನಲ್ಲಿ ಐದು ವರ್ಷ ಇದ್ದೆವು. ನಾನು ಯೂನಿವರ್ಸಿಟಿಯಲ್ಲಿ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳ ಬೆನ್ನುಹತ್ತಿದವಳು, ಅವಳು ಜೈಡಾಸ್‌ನ ಗಾಜಿನ ಆಫೀಸು ಕಟ್ಟಡವೊಂದರಲ್ಲಿ ಕೆಲಸ ಮಾಡುವವಳು. ನಾನು ತುಮಕೂರಿನ ಕಡೆಯವಳು, ಅವಳು ಗದಗದ ಕಡೆಯವಳು. ಮೊದಲ ತಿಂಗಳು ಅವಳ ಮಾತು ಜಗಳದ ಹಾಗೆ ಕೇಳುತ್ತಿತ್ತು ನನಗೆ. ನನ್ನ ಮಾತು ರಾಗ ಎಳೆದ ಹಾಗೆ ಕೇಳುತ್ತಿತ್ತಂತೆ ಅವಳಿಗೆ. ಟ್ರಾಮು, ಮೆಟ್ರೋ ಎಲ್ಲ ಮನೆಮುಂದೆಯೇ ಇರುವಾಗ ಕಾರು ಯಾಕೆ ಎಂದು ಎಲ್ಲರೂ ಕೇಳಿದರೂ ಹಟಕ್ಕೆ ಬಿದ್ದವರಂತೆ ಇಬ್ಬರೂ ಸೇರಿ ಕೊಂಡೆವು. ಭಾನುವಾರ ನಮ್ಮವರ ಅಂಗಡಿಗಳಿರುವ ಆಮ್ಸ್ಟೆಲ್‌ವೀನ್‌ಗೆ ಹೋಗಿ ಅಕ್ಕಿ, ಬೇಳೆ, ಕರಿಬೇವು ತರುವುದು, ಬರುವಾಗ ಬೇಕೆಂದೇ ಸುತ್ತುಬಳಸಿ ಬರುವುದು. ಓಡಿಸುವುದು ನಾನು. ಹಿಂದಕ್ಕೆ ತೆಗೆಯುವಾಗ ಅವಳು ಕೆಳಗಿಳಿದು ಕೈ ಆಡಿಸುತ್ತ 'ಬರ್ಲಿ, ಬರ್ಲಿ, ಬರ್ಲಿ' ಎಂದು ಕೂಗುವುದು. ಹಿಂದೆ ನೋಡುವ ಕ್ಯಾಮೆರಾ ಇಲ್ಲದ ಕಾರಿಗೆ ಅವಳೇ ಕ್ಯಾಮೆರಾ. ಈಗ ನಾನೊಬ್ಬಳೇ ಹಿಂದಕ್ಕೆ ತೆಗೆಯುವಾಗ ಕುತ್ತಿಗೆ ತಿರುಗಿಸಿ ತಿರುಗಿಸಿ ನೋಯುತ್ತದೆ.

ಮದುವೆ ಆಮ್ಸ್ಟೆಲ್‌ವೀನ್‌ನ ಒಂದು ಸಣ್ಣ ಹಾಲ್‌ನಲ್ಲಿ ಆಯಿತು. ಹುಡುಗ ಅಲ್ಲಿಯೇ ಮನೆ ಮಾಡಿಕೊಂಡಿದ್ದ ಮೈಸೂರಿನವನು, ಒಳ್ಳೆಯವನು. ಅದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಿಟ್ಟೆಲ್ಲ ಅವನ ಮೇಲೆ ಎಂದು ಯಾರಾದರೂ ಅಂದುಕೊಂಡಾರು. ಗದಗದಿಂದ ಅವಳ ಅಪ್ಪ ಅಮ್ಮ ಬಂದಿದ್ದರು, ಅಣ್ಣನಿಗೆ ವೀಸಾ ಸಿಕ್ಕಿರಲಿಲ್ಲ. ನಮ್ಮ ಕಡೆ ಮದುವೆ ಕಾರನ್ನು ಸಿಂಗರಿಸುವುದು ಅಣ್ಣತಮ್ಮಂದಿರ, ಗೆಳೆಯರ ಕೆಲಸ. ಹೂವು ಕಟ್ಟಿ, ಇಬ್ಬರ ಹೆಸರನ್ನೂ ಥರ್ಮೋಕೋಲಿನಲ್ಲಿ ಕೊರೆದು ಅಂಟಿಸದಿದ್ದರೆ ಅದು ಮದುವೆ ಕಾರೇ ಅಲ್ಲ. ಅಣ್ಣ ಇಲ್ಲದ ಮೇಲೆ ಆ ಕೆಲಸ ನನ್ನದೇ ಎಂದು ನಾನೇ ಮುಂದೆ ಬಿದ್ದೆ. ಹಿಂದಿನ ದಿನ ಮಧ್ಯಾಹ್ನ ಇಬ್ಬರೂ ಫ್ಲಾಟಿನ ನೆಲದ ಮೇಲೆ ಕೂತು ಅಕ್ಷರ ಕತ್ತರಿಸಿದೆವು. ಕೈಗೆ ಮೆಹಂದಿ ಹಚ್ಚಿಕೊಂಡಿದ್ದ ಮದುಮಗಳು ಕತ್ತರಿ ಹಿಡಿಯುವ ಹಾಗಿಲ್ಲ. ಬಾಯಲ್ಲಿ ಮಾತ್ರ, ಅಲ್ಲಿ ಕೊಂಬು ಸೊಟ್ಟಾತು, ಇಲ್ಲಿ ಒತ್ತು ಸಣ್ಣದಾತು ಎಂದು ನನ್ನ ಜೀವ ತಿಂದಳು.

ತಪ್ಪಾದದ್ದು ಟೇಪಿನಲ್ಲಿ. ಊರಿನಲ್ಲಿ ಸಾದಾ ಟೇಪು ಸಾಕು, ಕಾರು ಛತ್ರದಿಂದ ಮನೆಗೆ ಮೆರವಣಿಗೆಯ ಹಾಗೆ ಹೋಗುತ್ತದೆ, ಮಾರನೆಯ ದಿನ ಯಾರೋ ಕಿತ್ತು ಎಸೆಯುತ್ತಾರೆ. ಇಲ್ಲಿಯ ಗಾಳಿ ಗೊತ್ತಲ್ಲ, ಮೈಮೇಲಿನ ಜಾಕೆಟನ್ನೇ ಕಿತ್ತುಕೊಂಡು ಹೋಗುವಂಥದ್ದು. ಹೆದ್ದಾರಿಯಲ್ಲಿ ಗಂಡಿನ ಹೆಸರು ಹಾರಿಹೋದರೆ ಏನು ಗತಿ? ಅದೇ ಭಯಕ್ಕೆ ನಾನು ನೆಲಹಾಸು ಅಂಟಿಸುವ ಎರಡು ಬದಿಯ ಟೇಪು ತಂದೆ. ಅಂಗಡಿಯಲ್ಲಿದ್ದವುಗಳಲ್ಲೇ ಗಟ್ಟಿ. ರಟ್ಟಿನ ಹಿಂಭಾಗಕ್ಕೆಲ್ಲ ಅದನ್ನು ಹಚ್ಚಿ ಆಮೇಲೆ ಅಕ್ಷರ ಕತ್ತರಿಸಿದ್ದರಿಂದ ಅಂಟಿನ ಆಕಾರವೂ ತಲೆಕಟ್ಟು, ಕೊಂಬು, ಒತ್ತು ಸಮೇತ ಅಚ್ಚುಕಟ್ಟಾಗಿತ್ತು. ಇಪ್ಪತ್ತು ವರ್ಷ ನೆಲಕ್ಕೆ ಕಚ್ಚಿಕೊಂಡಿರಲಿ ಎಂದು ಮಾಡಿದ ಅಂಟನ್ನು ಕಾರಿನ ಬಣ್ಣಕ್ಕೆ ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದೆ. ಬುದ್ಧಿವಂತೆ!

ಮದುವೆಯ ಸಂಜೆ ಇಬ್ಬರನ್ನೂ ಹಿಂದೆ ಕೂರಿಸಿಕೊಂಡು ನಾನೇ ಅವರ ಮನೆಗೆ ಬಿಟ್ಟೆ. ಬಾಗಿಲಲ್ಲಿ ಹುಡುಗನ ತಾಯಿ ಆರತಿ ಹಿಡಿದು ನಿಂತಿದ್ದರು. ಗೆಳತಿ ಒಳಗೆ ಹೋಗುವ ಮುಂಚೆ ಬಾನೆಟ್ ನೋಡಿ ನಕ್ಕು, 'ಇದನ್ನ ನೀನೊಬ್ಬಾಕಿನ ತಗೀಬ್ಯಾಡ ಮತ್ತ. ಕೂಡಿ ಹಚ್ಚೇವಿ, ಕೂಡಿ ತಗಿಯೋಣಂತ. ನಾ ಬರ್ತೀನಿ' ಎಂದಳು. ನಾನು ಹೂಂ ಎಂದೆ. ವಾಪಸು ಬರುವಾಗ ಹಿಂದಿನ ಸೀಟಿನ ತುಂಬ ಅಕ್ಷತೆ ಚೆಲ್ಲಿತ್ತು. ಮನೆ ತಲುಪಿ, ಕಾರು ನಿಲ್ಲಿಸಿ, ಸ್ಟಿಯರಿಂಗ್ ಹಿಡಿದುಕೊಂಡೇ ಅತ್ತೆ. ಯಾರಿಗೆ ಹೇಳಿದರೂ ಹೆಣ್ಣಿನ ಕಡೆಯವರು ಅಳುವುದು ಇದ್ದದ್ದೇ ಅನ್ನುತ್ತಿದ್ದರು. ಯಾರಿಗೂ ಹೇಳಲಿಲ್ಲ.

ಬರ್ತೀನಿ ಎಂದವಳು ನವೆಂಬರಿನಲ್ಲಿ ಬರಲಿಲ್ಲ, ಡಿಸೆಂಬರಿನಲ್ಲಿ ಬರಲಿಲ್ಲ. ಪ್ರತಿ ವಾರ ಫೋನಿನಲ್ಲಿ ಒಂದೊಂದು ಕಾರಣ, ಪ್ರತಿಯೊಂದೂ ನಿಜವಾದದ್ದೇ. ಗಂಡನ ಗೆಳೆಯರ ಮನೆಯಲ್ಲಿ ಊಟ, ಹೊಸ ಮನೆಗೆ ಪರದೆ, ಅವನಿಗೆ ಜ್ವರ, ಅವಳಿಗೆ ಜ್ವರ. ಅಲ್ಲಿಂದ ಇಲ್ಲಿಗೆ ಅರ್ಧ ಮುಕ್ಕಾಲು ಗಂಟೆಯ ದಾರಿ. ನೀನೇ ಹೋಗಬಹುದಿತ್ತಲ್ಲ ಅಂದೀರಿ. ಹೋಗಿದ್ದೆ. ಸೋಫಾದ ಅಂಚಿನಲ್ಲಿ ಕೂತಿದ್ದೆ. ಅವಳು ಸಾಸರಿನ ಮೇಲೆ ಕಪ್ಪಿಟ್ಟು, ಪಕ್ಕಕ್ಕೆ ಚಕ್ಕುಲಿ ಇಟ್ಟು ಕೊಟ್ಟಳು. ಐದು ವರ್ಷ ನಾನು ಕುಡಿದು ಬಿಟ್ಟ ಲೋಟದಲ್ಲೇ ತನ್ನ ಚಹಾ ಸುರಿದುಕೊಂಡವಳು. ಸಾಸರು ನೋಡಿದ ಕೂಡಲೇ ನನಗೆ ಎದ್ದು ಬರಬೇಕೆನ್ನಿಸಿತು, ಆದರೂ ಚಕ್ಕುಲಿ ಚೆನ್ನಾಗಿದೆ ಎಂದು ಹೇಳಿ ಬಂದೆ.

ಹಾಗಾಗಿ ನಾನು ಅಂಟನ್ನು ಮುಟ್ಟಲಿಲ್ಲ. ಸೋಮಾರಿತನ ಅಲ್ಲ, ಲೆಕ್ಕಾಚಾರ. ಅವಳು ಈ ಮನೆಗೆ ಬರುವುದಕ್ಕೆ ಉಳಿದಿದ್ದ ಕಾರಣ ಅದೊಂದೇ. ಬಟ್ಟೆಬರೆ, ಪುಸ್ತಕ, ಕುಕ್ಕರು ಎಲ್ಲ ಆಗಲೇ ಹೋಗಿದ್ದವು. ಬಾನೆಟ್ ತೊಳೆದುಬಿಟ್ಟರೆ 'ನಾ ಬರ್ತೀನಿ' ಎನ್ನುವುದಕ್ಕೂ ಏನೂ ಇರುವುದಿಲ್ಲ. ಒಮ್ಮೆ ಆಮ್ಸ್ಟೆಲ್‌ವೀನ್‌ನ ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗ ವಯಸ್ಸಾದ ದಂಪತಿ ಬಾನೆಟ್ ಓದುತ್ತ ನಿಂತುಬಿಟ್ಟರು. ಮಗನ ಮನೆಗೆ ಬಂದವರಿರಬೇಕು. ಆಕೆ ನನ್ನ ಕೈ ಹಿಡಿದು, ಹೊಸದಾಗಿ ಮದುವೆಯೇನಮ್ಮ, ಎಷ್ಟು ಮುದ್ದಾಗಿ ಬರೆಸಿದ್ದೀರಿ, ನೂರು ಕಾಲ ಚೆನ್ನಾಗಿ ಬಾಳಿ ಎಂದರು. ಇದು ನನ್ನ ಹೆಸರಲ್ಲ ಎಂದು ಹೇಳುವುದಕ್ಕೆ ಬಾಯಿ ಬರಲಿಲ್ಲ. ಕಾಲಿಗೆ ನಮಸ್ಕಾರ ಮಾಡಿ ಆಶೀರ್ವಾದ ತೆಗೆದುಕೊಂಡೆ. ಎರಡು ಕಟ್ಟು ಕರಿಬೇವು ಹಿಡಿದುಕೊಂಡು, ಇನ್ನೊಬ್ಬಳ ಆಶೀರ್ವಾದವನ್ನೂ ಹೊತ್ತುಕೊಂಡು ಮನೆಗೆ ಬಂದೆ.

ಏಪ್ರಿಲ್ ಬಂತು. ಕೆಳಗಿನ ಮನೆಯ ಡಚ್ ಹೆಂಗಸು ನಾಯಿ ತಿರುಗಿಸಿಕೊಂಡು ಬರುತ್ತಿದ್ದವಳು ಕಾರಿನ ಹತ್ತಿರ ನಿಂತು, ಇದೇನು ಅಂದಳು. ಹೆಸರುಗಳು ಅಂದೆ. ನಿನ್ನದಾ ಅಂದಳು. ಅಲ್ಲ ಅಂದೆ. ಮತ್ತೆ ನಿನ್ನ ಕಾರಿನ ಮೇಲೆ ಯಾಕಿವೆ ಅಂದಳು. ಇವರ ಮಾತೇ ಹೀಗೆ, ನೇರ ಹಣೆಗೆ. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳು ಉಗುರಿನಿಂದ ಒಂದು ಅಕ್ಷರದ ಅಂಚನ್ನು ಕೆರೆದು ನೋಡಿ, ಬಿಸಿಲು ಬರುವ ಮುಂಚೆ ತೆಗೆ, ಬೇಸಿಗೆಯಲ್ಲಿ ಇದು ಬೆಂದು ಕಲ್ಲಾಗುತ್ತದೆ, ಆಮೇಲೆ ಕೀಳಲು ಹೋದರೆ ಬಣ್ಣವೂ ಜೊತೆಗೆ ಬರುತ್ತದೆ ಅಂದಳು. ತನ್ನ ಕಾರಿಗೆ ಹಾಗೇ ಆಗಿತ್ತಂತೆ. ನಾಯಿ ಎಳೆಯಿತು, ಹೋದಳು.

ನಾನು ಗೆಳತಿಗೆ ಫೋನು ಮಾಡಿದೆ. ಇನ್ನು ಕಾಯುವ ಹಾಗಿಲ್ಲ ಕಣೇ, ಬಣ್ಣ ಹೋಗುತ್ತೆ ಅಂದೆ. ಶನಿವಾರ ನಕ್ಕಿ ಬರ್ತೀನಿ ಎಂದಳು. ನಕ್ಕಿ ಎಂದರೆ ಅವಳ ಕಡೆ ಖಂಡಿತ. ನಾನು ಶುಕ್ರವಾರವೇ ಎಲ್ಲ ಜೋಡಿಸಿಟ್ಟೆ. ಏನು ಮಾಡಬಾರದು ಎನ್ನುವುದನ್ನು ಮೊದಲು ಓದಿಕೊಂಡಿದ್ದೆ. ಬ್ಲೇಡು ಬೇಡ, ಪಾತ್ರೆ ಉಜ್ಜುವ ಸ್ಟೀಲು ಬೇಡ, ಥಿನ್ನರ್ ಬೇಡ, ಉಗುರಿನ ಬಣ್ಣ ತೆಗೆಯುವ ದ್ರವವಂತೂ ಬೇಡವೇ ಬೇಡ. ಬಣ್ಣದ ಮೇಲೆ ಗಾಜಿನಂತೆ ಒಂದು ತೆಳು ಪದರ ಇರುತ್ತದೆ, ಅದು ಕರಗಿದರೆ ಮುಗಿಯಿತು. ಇಬ್ಬರಿಗೂ ಒಂದೊಂದು ಮೆತ್ತನೆ ಬಟ್ಟೆ, ಒಂದೊಂದು ಜೊತೆ ಕೈಗವಸು ತಂದೆ. ಮಧ್ಯಾಹ್ನಕ್ಕೆ ಇಬ್ಬರಿಗೆ ಚಿತ್ರಾನ್ನ ಕಲಸಿಟ್ಟೆ.

ಶನಿವಾರ ಹನ್ನೊಂದಕ್ಕೆ ಮೆಸೇಜು ಬಂತು. ಮದುವೆ ಮುಗಿಸಿ ಹೋಗಿ ಮತ್ತೆ ಬಂದಿದ್ದ ಅತ್ತೆ ಮಾವ ಇನ್ನೇನು ಊರಿಗೆ ಹೊರಡುವವರು, ಟ್ಯುಲಿಪ್ ತೋಟ ನೋಡಿಲ್ಲ, ಹೂವು ಮುಗಿಯುತ್ತಾ ಬಂದಿದೆ, ಇವತ್ತೇ ಹೋಗಬೇಕಾಯಿತು, ಸಿಟ್ಟು ಮಾಡಿಕೊಳ್ಳಬೇಡ. ನನಗೆ ಸಿಟ್ಟು ಬಂದರೆ ಕೈ ಸುಮ್ಮನೆ ಇರುವುದಿಲ್ಲ. ಆಯ್ತು ತಾಯಿ, ಹೂವು ನೋಡು ಎಂದು ಗೋಡೆಗೆ ಹೇಳಿ ಬಕೆಟ್ ಎತ್ತಿಕೊಂಡು ಕೆಳಗಿಳಿದೆ.

ಮೊದಲು ಸೋಪು ನೀರಿನಲ್ಲಿ ಬಾನೆಟ್ ತೊಳೆದೆ. ಧೂಳಿನ ಮೇಲೇ ಉಜ್ಜಿದರೆ ಮರಳು ಕಾಗದದಿಂದ ಉಜ್ಜಿದ ಹಾಗೆ. ಆಮೇಲೆ ಬಿಸಿ. ಹೇರ್ ಡ್ರೈಯರ್‌ನಿಂದ ಕಾಯಿಸಿ ಎಂದು ಎಲ್ಲರೂ ಹೇಳುತ್ತಾರೆ, ಮೂರನೆಯ ಮಹಡಿಯಿಂದ ರಸ್ತೆಗೆ ವೈರು ಇಳಿಬಿಡುವುದು ಹೇಗೆ? ಹೊಟ್ಟೆನೋವಿಗೆ ಇಟ್ಟುಕೊಳ್ಳುವ ರಬ್ಬರಿನ ಬಿಸಿನೀರಿನ ಚೀಲ ತುಂಬಿಸಿಕೊಂಡು ಬಂದು ಅವಳ ಗಂಡನ ಹೆಸರಿನ ಮೊದಲಕ್ಷರದ ಮೇಲೆ ಇಟ್ಟೆ. ದಾರಿಹೋಕರು ಕಾರಿಗೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿದರು. ಸ್ವಲ್ಪ ಹೊತ್ತಿಗೆ ಅಂಟು ಮೆತ್ತಗಾಯಿತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಉರುಳಿಸಿದರೆ ಹಿಟ್ಟಿನ ಹಾಗೆ ಉಂಡೆಯಾಗಿ ಬರುತ್ತಿತ್ತು. ಮೇಲಿನ ದಪ್ಪ ಹೋಯಿತು, ಅಡಿಯ ಪದರ ಕಚ್ಚಿಕೊಂಡೇ ಇತ್ತು. ಅದಕ್ಕೆ ಕೊಬ್ಬರಿ ಎಣ್ಣೆ. ಇಲ್ಲಿಯ ಚಳಿಗೆ ಎಣ್ಣೆ ಬಾಟಲಿಯಲ್ಲೇ ಬೆಣ್ಣೆಯಾಗಿರುತ್ತದೆ, ಅದನ್ನೂ ಬಿಸಿನೀರಿನಲ್ಲಿ ಇಟ್ಟು ಕರಗಿಸಿ, ಬಟ್ಟೆಗೆ ಹಚ್ಚಿ, ಅಕ್ಷರದ ಮೇಲೆ ಹಾಕಿ ನೆನೆಯಲು ಬಿಟ್ಟೆ. ತಲೆಗೆ ಹಚ್ಚಿಕೊಳ್ಳುವಾಗ ಇರುವಷ್ಟೇ ತಾಳ್ಮೆ ಬೇಕು. ಎಣ್ಣೆಗೂ ಜಗ್ಗದ ಕಡೆ ಸ್ಟಿಕರ್ ತೆಗೆಯುವ ಸ್ಪ್ರೇ. ಅದನ್ನು ಮೊದಲು ಬಾನೆಟ್ ಎತ್ತಿ ಒಳಗಿನ ಕಾಣದ ಅಂಚಿನಲ್ಲಿ ಹಾಕಿ, ಬಣ್ಣ ಬಟ್ಟೆಗೆ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಉಜ್ಜುವುದಲ್ಲ, ಒರೆಸುವುದು. ಕೊನೆಗೆ ಮತ್ತೆ ಸೋಪು ನೀರು, ಎಣ್ಣೆ ಉಳಿದರೆ ಮತ್ತೆ ಧೂಳು ಹಿಡಿಯುತ್ತದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಅವನ ಮೂರೂ ಅಕ್ಷರ ಹೋದವು. ಅವಳ ನಾಲ್ಕು ಹಾಗೇ ಇದ್ದವು. ಅವನ್ನು ನಾನು ಬೇಕೆಂದೇ ಮುಟ್ಟಲಿಲ್ಲ. ಮುಂದಿನ ಶನಿವಾರ ಬಂದು ತನ್ನದನ್ನು ತಾನು ತೆಗೆಯಲಿ, ಜೊತೆಗೆ ಕೂತು ಚಿತ್ರಾನ್ನ ತಿನ್ನಲಿ ಎಂಬ ಆಸೆ. ಬಾನೆಟ್‌ನ ಫೋಟೋ ತೆಗೆದು, ನಮ್ಮ ಎಂದಿನ ತಮಾಷೆಯಲ್ಲಿ, 'ನಿನ್ನ ಯಜಮಾನ್ರನ್ನ ಅಳಿಸಿ ಆಯ್ತು. ನೀನೊಬ್ಬಳೇ ಉಳಿದಿದೀಯ. ಬಾ' ಎಂದು ಬರೆದು ಕಳಿಸಿದೆ. ಕಳಿಸಿ ನಾನೇ ನಕ್ಕೆ ಕೂಡ.

ಈಗ ಬರೆಯುವಾಗ ಮೈ ಜುಂ ಎನ್ನುತ್ತದೆ. ಮದುವೆಯಾಗಿ ಆರು ತಿಂಗಳಾದ ಹುಡುಗಿಗೆ ಗಂಡನ ಹೆಸರು ಅಳಿಸಿ ಅವಳ ಹೆಸರೊಂದನ್ನೇ ಉಳಿಸಿದ ಫೋಟೋ ಕಳಿಸುವುದೇ? ಅದರ ಕೆಳಗೆ ಆ ಮಾತು ಬೇರೆ! ನನ್ನ ಅಜ್ಜಿ ಇದ್ದಿದ್ದರೆ ಬಾಯಿಗೆ ಬೂದಿ ಹಾಕುತ್ತಿದ್ದಳು. ಟ್ಯುಲಿಪ್ ತೋಟದಿಂದ ಬಂದು, ಅಲ್ಲಿ ತೆಗೆದ ಫೋಟೋಗಳನ್ನು ಅವಳ ಅತ್ತೆ ಅವಳದೇ ಫೋನಿನಲ್ಲಿ ಒಂದೊಂದಾಗಿ ಸರಿಸಿ ನೋಡುತ್ತಿದ್ದರಂತೆ. ಕೆಂಪು ಹೂವು, ಹಳದಿ ಹೂವು ನೋಡುತ್ತಿರುವಾಗಲೇ ಪರದೆಯ ಮೇಲ್ಗಡೆ ನನ್ನ ಮೆಸೇಜು ಇಳಿಯಿತು.

ಸಂಜೆ ಆರಕ್ಕೆ ಅವಳ ಫೋನು. ಅತ್ತೆ ಬೈದಿಲ್ಲ, ಏನೂ ಅಂದಿಲ್ಲ, ದೇವರ ಮುಂದೆ ದೀಪ ಹಚ್ಚಿ ಕೂತುಬಿಟ್ಟಿದ್ದಾರೆ, ಊಟ ಬೇಡ ಅನ್ನುತ್ತಿದ್ದಾರೆ ಎಂದು ಸಣ್ಣ ದನಿಯಲ್ಲಿ ಹೇಳಿದಳು. ನನಗೆ ನಾಚಿಕೆಯೂ ಆಯಿತು, ರೇಗಿಯೂ ಹೋಯಿತು. ಅಂಟು ಕಣೇ ಅದು, ಬರೀ ಅಂಟು, ಅದಕ್ಕೂ ನಿನ್ನ ಗಂಡನ ಆಯುಷ್ಯಕ್ಕೂ ಏನು ಸಂಬಂಧ ಎಂದು ಏನೇನೋ ಅಂದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

'ನನ್ನ ಹೆಸರು ಯಾಕ ಬಿಟ್ಟಿ?'

ಸುಳ್ಳು ಹೇಳಬಹುದಿತ್ತು. ಎಣ್ಣೆ ಮುಗೀತು, ಕೈ ನೋವಾಯ್ತು.

'ನೀನು ಬರಲಿ ಅಂತ' ಎಂದೆ.

ನನ್ನ ಎದುರಿಗೆ ಟ್ರಾಮು ಬಂದು ನಿಂತು ಹೋಯಿತು.

'ಇವತ್ತ ಬರಾಕ ಆಗಂಗಿಲ್ಲ' ಎಂದಳು. 'ಬರೋ ಶನಿವಾರನೂ ಆಗಂಗಿಲ್ಲ. ಪ್ರತಿ ಸಲ ಬರ್ತೀನಿ ಅಂತೀನಿ, ನೀ ಕಾಯ್ತಿ. ನಂಗೊತ್ತೈತಿ ನೀ ಕಾಯ್ತಿ ಅಂತ. ಇನ್ನ ಹಂಗ ಅನ್ನಂಗಿಲ್ಲ ನಾ.'

ಆರು ತಿಂಗಳು ಅವಳು ಹೇಳಿದ ಕಾರಣಗಳಲ್ಲಿ ಒಂದೂ ನನಗೆ ಇಷ್ಟು ನೋವು ಮಾಡಿರಲಿಲ್ಲ. ಬರ್ತೀನಿ ಎಂದು ಬರದೇ ಇದ್ದಾಗಲೂ ಮುಂದಿನ ವಾರ ಎಂಬುದೊಂದು ಇರುತ್ತಿತ್ತು.

'ನೀನ ತಗದ ಬಿಡು. ಇವತ್ತ ಮುಗಸು, ನಮ್ಮ ಅತ್ತೀಗೆ ತೋರಸ್ತೀನಿ, ಅವ್ರೂ ಊಟ ಮಾಡ್ತಾರ' ಎಂದಳು. 'ಫೋನ್ ಇಡಬ್ಯಾಡ. ನೀ ತಗಿಯೋ ತನಕ ನಾ ಇಲ್ಲೇ ಇರ್ತೀನಿ.'

ಫೋನನ್ನು ವೈಪರ್ ಪಕ್ಕದಲ್ಲಿ ಒರಗಿಸಿಟ್ಟು, ಸ್ಪೀಕರ್ ಹಾಕಿದೆ. ಚೀಲಕ್ಕೆ ಮತ್ತೆ ಬಿಸಿನೀರು ತಂದೆ. ಇಲ್ಲಿ ಏಪ್ರಿಲ್ ಕೊನೆಗೆ ಎಂಟೂವರೆಯಾದರೂ ಬೆಳಕಿರುತ್ತದೆ, ಅವಸರವಿಲ್ಲ. ಅವಳು ಅಡುಗೆಮನೆಯಲ್ಲಿದ್ದಳು. ಮೈಸೂರಿನ ಅತ್ತೆಗೆ ಜೋಳದ ರೊಟ್ಟಿಯ ರುಚಿ ಹತ್ತಿದೆಯಂತೆ, ಹಿಟ್ಟು ನಾದುತ್ತ ಮಾತಾಡಿದಳು. ಮೊದಲು ಇಬ್ಬರೂ ಬಿಗಿಯಾಗಿಯೇ ಇದ್ದೆವು. ಮೊದಲಕ್ಷರ ಹೋಗುವ ಹೊತ್ತಿಗೆ ಆಫೀಸಿನ ಮೇಲಧಿಕಾರಿಯನ್ನು ಬೈಯಲು ಶುರುಮಾಡಿದಳು. ಎರಡನೆಯದಕ್ಕೆ ಒತ್ತಕ್ಷರ ಇತ್ತು, ಒತ್ತಿನ ಸಂದಿಯಲ್ಲಿ ಅಂಟು ದಪ್ಪ ಕೂತಿತ್ತು. ಮದುವೆಯ ಹಿಂದಿನ ದಿನ ಅದನ್ನು ಎರಡು ಸಲ ಕತ್ತರಿಸಿದ್ದೆ, ಅವಳಿಗೆ ಒಪ್ಪಿಗೆಯಾಗದೆ. ನನ್ನ ಪ್ರಯೋಗಾಲಯದಲ್ಲಿ ಹೊಸದಾಗಿ ಬಂದವರ ಬಗ್ಗೆ ಕೇಳಿದಳು. ಈ ಮನೆಯ ಅವಳ ಕೋಣೆಯಲ್ಲಿ ಈಗ ಏನಿಟ್ಟಿದ್ದೀ ಎಂದು ಕೇಳಿದಳು. ಏನೂ ಇಟ್ಟಿಲ್ಲ ಎಂದೆ. ಯಾರಾದರೂ ಬಾಡಿಗೆಗೆ ಬರಲಿ, ಒಬ್ಬಳೇ ಎಷ್ಟು ದಿನ ಇರ್ತೀ ಎಂದಳು. ನೋಡೋಣ ಎಂದೆ. ಗಂಡ ಒಳ್ಳೆಯವನೇ, ಆದರೆ ದಿನವಿಡೀ ಅವರ ಕಡೆಯ ಕನ್ನಡ ಮಾತಾಡಿ ಮಾತಾಡಿ ಬಾಯಿ ನೋಯುತ್ತದೆ, ತನ್ನ ಮಾತು ಕೇಳಿ ಎಲ್ಲರೂ ನಗುತ್ತಾರೆ ಎಂದಳು. ನಾನೂ ನಗುತ್ತಿದ್ದೆನಲ್ಲೇ ಎಂದೆ. ನೀ ನಗೂದು ಬ್ಯಾರೆ ಎಂದಳು. ಮೂರನೆಯ ಅಕ್ಷರ ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಮದುವೆಯಾದ ಮೇಲೆ ನಾವು ಇಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಬಟ್ಟೆ ತಿರುಗಿಸಿ ಕೊನೆಯ ಅಕ್ಷರದ ಮೇಲೆ ಎಳೆದೆ. ಅದೂ ಎದ್ದು ಬಂತು. ಸೋಪು ನೀರು ಹಾಕಿ ಒರೆಸಿದೆ. ಬಾನೆಟ್ ಆ ತುದಿಯಿಂದ ಈ ತುದಿಯವರೆಗೆ ಒಂದೇ ಸಮ ನೀಲಿ. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಬಗ್ಗಿ, ಓರೆ ಮಾಡಿ, ಬೆಳಕಿಗೆ ಹಿಡಿದಂತೆ ನೋಡಿದೆ. ಇಲ್ಲಿ ಯಾರ ಹೆಸರಾದರೂ ಇತ್ತು ಎಂದು ಹೇಳುವ ಹಾಗೇ ಇರಲಿಲ್ಲ. ಇಷ್ಟು ಚೆನ್ನಾಗಿ ಯಾಕೆ ತೆಗೆದೆನೋ ಎಂದು ನನ್ನ ಕೈ ಮೇಲೆ ನನಗೇ ಸಿಟ್ಟು ಬಂತು.

'ಮುಗೀತೇನ?' ಎಂದಳು ಫೋನಿನಿಂದ.

ನಾನು ಒಣಬಟ್ಟೆ ತೆಗೆದುಕೊಂಡು, ಅವಳಿಗೆ ಕೇಳಿಸುವಷ್ಟು ಜೋರಾಗಿ ಬರಿಯ ಬಾನೆಟ್ಟನ್ನು ತಿಕ್ಕಲು ಶುರುಮಾಡಿದೆ.

'ಇಲ್ಲ ಕಣೇ' ಎಂದೆ. 'ಇನ್ನೂ ಎರಡಕ್ಷರ ಇದೆ.'

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು.

'ಎರಡ ಅದಾವ?' ಎಂದಳು. 'ಇರ್ಲಿ, ಸಾವಕಾಶ ತಗಿ. ನಂದೂ ಇನ್ನ ರೊಟ್ಟಿ ಭಾಳ ಅದಾವ.'